ರೆಜಿನ್ ಹೊಳೆ

ಸಮುದಾಯ ಭವನದ ಉದ್ಘಾಟನೆಯ ಆಮಂತ್ರಣ ಪತ್ರಿಕೆಯಲ್ಲಿ ಶಾಮಿಯಾನ ಹಾಕುವವನ ಹೆಸರಿತ್ತು, ಅಡುಗೆಯವನ ಹೆಸರಿತ್ತು, ಮೈಕ್ ಸೆಟ್ಟಿನ ಇಬ್ರಾಹಿಂಸಾಬನ ಹೆಸರೂ ಇತ್ತು. ಶ್ರೀಶೈಲನದು ಮಾತ್ರ ಇರಲಿಲ್ಲ. ಕೇಳಿದ್ದಕ್ಕೆ ಗುಡಿ ಕಮಿಟಿಯ ಅಧ್ಯಕ್ಷ ಚನ್ನಬಸಯ್ಯ ಹೊಟ್ಟೆ ಕುಣಿಸಿ ನಕ್ಕುಬಿಟ್ಟ.

"ಆಟಿಗಿ ಸಾಮಾನ ಮಾಡಾಂವನ ಹೆಸರು ಪತ್ರಿಕ್ಯಾಗ ಯಾಕ ಬೇಕೋ ತಮ್ಮಾ?"

ಆಟಿಗೆ ಸಾಮಾನಂತೆ! ಆಲಮಟ್ಟಿ ಹಿನ್ನೀರಿನಲ್ಲಿ ಮುಳುಗಿಹೋದ ಹಳೇ ಹೊಳಿಮಟ್ಟಿಯನ್ನು, ಭವನದಲ್ಲಿಡಲೆಂದು, ಒಂದು ಮೇಜಿನಗಲದ ಹಲಗೆಯ ಮೇಲೆ ಎಬ್ಬಿಸಿದವನು ಅವನು. ಮಣ್ಣಿನ ಮಾಳಿಗೆ, ಅಗಸಿ ಬಾಗಿಲು, ಲಕ್ಕವ್ವನ ಗುಡಿ, ಗುಡಿಯ ಮುಂದಿನ ಬನ್ನಿ ಗಿಡ, ಎಲ್ಲವೂ ಬೆರಳುದ್ದ. ಅದರ ಮೇಲೆ ಹೊಳೆ. ಇಂಡಿ, ಸಿಂದಗಿ, ಮುದ್ದೇಬಿಹಾಳದ ಸಾಲೆಗಳಿಗೆಲ್ಲ ಮಾಡೆಲ್ ಮಾಡಿಕೊಡುವವನು ಬಸವನ ಬಾಗೇವಾಡಿಯ ಇದೇ ಶ್ರೀಶೈಲ. ಅಂಥವನಿಗೆ ಈ ಮಾತು.

ಆದರೆ ಒಳಗೆ ಉರಿಯುತ್ತಿದ್ದ ಸಿಟ್ಟು ಹಳೆಯದು. ಲಕ್ಕವ್ವನ ಮೂರ್ತಿಗೆ ತೊಡಿಸುವ ಬಂಗಾರದ ಮುಖವನ್ನು ಅವನ ಮುತ್ತಜ್ಜಿ ತನ್ನ ಪುತಳಿ ಸರ ಕರಗಿಸಿ ಮಾಡಿಸಿದ್ದಳು. ಊರು ಎದ್ದು ಹೊಸ ಜಾಗಕ್ಕೆ ಬಂದಾಗ ಮುಖ ಕಮಿಟಿಯ ಬೀಗದೊಳಗೆ ಸೇರಿತು. ಅವನ ಅವ್ವ ಒಮ್ಮೆ ಮುಟ್ಟಿ ನೋಡುತ್ತೇನೆ ಅಂದದ್ದಕ್ಕೆ ಚನ್ನಬಸಯ್ಯ, "ದೂರ ನಿಂತ ಕೈ ಮುಗೀರಿ" ಅಂದಿದ್ದ. ಅವ್ವ ಮನೆಗೆ ಬಂದು ಸೆರಗಿನಿಂದ ಕಣ್ಣೊರೆಸಿಕೊಂಡದ್ದು ಶ್ರೀಶೈಲನ ಕಣ್ಣಿಗೆ ಇನ್ನೂ ಕಟ್ಟಿತ್ತು. ಮುಖವನ್ನು ಮಾರುವುದೋ, ಅವ್ವನ ಟ್ರಂಕಿನಲ್ಲಿಡುವುದೋ, ಅದನ್ನು ಆಮೇಲೆ ನೋಡಿದರಾಯಿತು. ಮೊದಲು ಅದು ಅವರ ಕೈ ತಪ್ಪಬೇಕು.

ಕದಿಯುವುದು ದೊಡ್ಡ ಮಾತಲ್ಲ, ಬಚ್ಚಿಡುವುದು ದೊಡ್ಡದು. ಕದ್ದವರೆಲ್ಲ ಮನೆಗೆ ಒಯ್ದು ಸಿಕ್ಕಿಬೀಳುತ್ತಾರೆ, ಪೆದ್ದರು. ತಾನು ಎಲ್ಲರ ಕಣ್ಣೆದುರಿಗೇ ಇಡುತ್ತೇನೆ, ನೀರಿನೊಳಗೆ.

ನೀರು ಮಾಡುವುದೆಂದರೆ ಜನ ನೀಲಿ ಬಣ್ಣ ಬಳಿಯುತ್ತಾರೆ. ಆಳ ಬರುವುದು ಕತ್ತಲೆಯಿಂದ. ತಳದಲ್ಲಿ ಕಪ್ಪಿಗೆ ಹತ್ತಿದ ಹಸಿರು, ಅದರ ಮೇಲೆ ಕೆಸರು ಬಣ್ಣ, ಮೇಲೇರಿದಂತೆ ತಿಳಿ. ಸುರಿದ ಮೇಲೆ ಗಾಜಿನಂತೆ ಗಟ್ಟಿಯಾಗುವ ಅಂಟು ಈ ರೆಜಿನ್; ಒಮ್ಮೆಲೇ ಸುರಿದರೆ ಕಾದು ಬಿರುಕು ಬಿಡುತ್ತದೆ, ಆದ್ದರಿಂದ ಪದರ ಪದರವಾಗಿ ಹೊಯ್ಯಬೇಕು. ಪ್ರತಿ ಪದರದಲ್ಲೂ ಮುಳುಗಿದ ಗೋಡೆ ಒಂದಿಷ್ಟು ಮಸುಕಾಗುತ್ತ ಹೋಗುತ್ತದೆ. ನೋಡಿದವರು ಬಗ್ಗಿ ಕೈ ಅದ್ದಲು ಹೋಗಬೇಕು, ಹಾಗಿರುತ್ತಿತ್ತು ಅವನ ನೀರು.

ಹೊಳೆಯ ನಡುವಿನ ಮಡುವನ್ನು ಅವನು ಬೇಕೆಂದೇ ಖಾಲಿ ಬಿಟ್ಟಿದ್ದ. ಟಂಟಂ ಗಾಡಿಯಲ್ಲಿ ಕುಲುಕಿದರೆ ಹಾಳಾಗುತ್ತದೆ, ಉಳಿದ ನೀರನ್ನು ಸಮುದಾಯ ಭವನದಲ್ಲೇ ಕೂತು ಹೊಯ್ಯುತ್ತೇನೆ ಅಂದ. ಭವನದ ಗೋಡೆಗೆ ಗುಡಿ ಅಂಟಿಕೊಂಡಿತ್ತು. ಶುಕ್ರವಾರ ಲಕ್ಕವ್ವನಿಗೆ ಮುಖ ಏರಿಸುತ್ತಿದ್ದರು. ಆ ಶುಕ್ರವಾರ ಊರಿಗೆಲ್ಲ ಹೋಳಿಗೆ ಊಟ. ಪಂಕ್ತಿ ಕೂತಿತ್ತು, ಚನ್ನಬಸಯ್ಯ ತುಪ್ಪ ಬಡಿಸುತ್ತ ತಿರುಗುತ್ತಿದ್ದ, ಗುಡಿಯ ಬಾಗಿಲಿಗೆ ಬರೇ ಚಿಲಕ ಹಾಕಿತ್ತು. ಶ್ರೀಶೈಲ ಹೋದ, ಬಂದ. ಅಂಗಿಯೊಳಗೆ ಬಂಗಾರ ತಣ್ಣಗೆ ಒತ್ತುತ್ತಿತ್ತು. ಅಂಗೈಯಗಲದ ಮುಖಕ್ಕೆ ಕಲ್ಲಿನ ಬಣ್ಣದ ಪುಟ್ಟಿ ಮೆತ್ತಿ, ಮಡುವಿನ ತಳಕ್ಕೆ ಬೋರಲು ಹಾಕಿ, ಕಲಸಿಟ್ಟಿದ್ದ ಕಪ್ಪು ಹಸಿರು ರೆಜಿನ್ ಸುರಿದ. ಲಕ್ಕವ್ವ ಹೊಳೆಯ ಬಂಡೆಯಾದಳು.

ಸಂಜೆ ದೀಪ ಹಚ್ಚಲು ಬಂದ ಪೂಜಾರಿ ಮುದುಕಿ ಶಂಕ್ರೆವ್ವ ಹೊಯ್ಕೊಂಡದ್ದೇ ತಡ, ಊರಿಗೆ ಊರೇ ಗುಡಿಗೆ ನುಗ್ಗಿತು. ಶ್ರೀಶೈಲನೂ ಓಡಿದ. ಕೈಗವಸಿನಿಂದ ರೆಜಿನ್ ಸುರಿಯುತ್ತಿತ್ತು. ಇಷ್ಟು ಹೊತ್ತು ಕೆಲಸದಲ್ಲೇ ಇದ್ದ ಅನ್ನುವುದಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಯಾರಿಗೆ ಬೇಕು?

ಉದ್ಘಾಟನೆ ಮುಂದಕ್ಕೆ ಹೋಯಿತು. ಪೊಲೀಸರು ಮನೆ ಮನೆ ಜಾಲಾಡತೊಡಗಿದರು. ಶ್ರೀಶೈಲ ಮೇಲಿನ ಪದರ ಹೊಯ್ಯುತ್ತಲೇ ಇದ್ದ, ಆದರೆ ಒಂದು ಕಡೆ ಕೂರಲಾಗುತ್ತಿರಲಿಲ್ಲ. ಎದ್ದು ಕಿಟಕಿಗೆ ಹೋಗುತ್ತಿದ್ದ, ಬಂದು ಮಡುವನ್ನು ಎಡದಿಂದ ನೋಡುತ್ತಿದ್ದ, ಬಲದಿಂದ ನೋಡುತ್ತಿದ್ದ, ಮತ್ತೆ ಎದ್ದು ಹೋಗುತ್ತಿದ್ದ. ಏನೂ ಕಾಣಿಸುತ್ತಿರಲಿಲ್ಲ. ಅದು ಗೊತ್ತಿದ್ದೂ ನೋಡುತ್ತಿದ್ದ. ಯಾವನೋ ತಲೆಹರಟೆ ಪೇದೆ ಸುತ್ತಿಗೆ ತಂದರೆ? ಆ ಯೋಚನೆ ಬಂದದ್ದೇ ತಟ್ಟೆ ಸರಿಸಿ ಎದ್ದ.

ಉಪಾಯ ಹೊಳೆದಾಗ ತನ್ನ ಬುದ್ಧಿಗೆ ತಾನೇ ಶಭಾಷ್ ಅಂದುಕೊಂಡ. ಪೂಜೆಯಾದದ್ದರ ಮೇಲೆ ಸುತ್ತಿಗೆ ಎತ್ತುವವರು ಯಾರು? ಅಳುತ್ತ ಕೂತಿದ್ದ ಶಂಕ್ರೆವ್ವನ ಹತ್ತಿರ ಹೋದ.

"ಆಯಿ, ಹಳೇ ಗುಡಿ ಇಲ್ಲೇ ಐತಲ್ಲ. ತಾಯಿಗೆ ಒಂದೀಟು ಕುಂಕುಮ ಹಚ್ಚಿಬಿಡ್ರಿ."

ಮುದುಕಿ ಬಗ್ಗಿ ನೋಡಿದಳು. ನೀರಿನಡಿಯ ಗುಡಿ, ಬನ್ನಿ ಗಿಡ, ತನ್ನ ಮನೆಯ ಮಾಳಿಗೆ. "ಅಯ್ಯ ನಮ್ಮವ್ವಾ, ಇಲ್ಲೇ ಕುಂತೀಯಲ್ಲ!" ಎಂದು ಬಾಯಿಗೆ ಸೆರಗು ಒತ್ತಿಕೊಂಡಳು. ಅವತ್ತೇ ಅರಿಷಿಣ ಕುಂಕುಮ ಏರಿತು, ದೀಪ ಹತ್ತಿತು. ಮರುದಿನ ಹೆಂಗಸರೆಲ್ಲ ಬಂದು ಹಸಿರು ಖಣ, ಉತ್ತತ್ತಿ, ಅಡಿಕೆ ಇಟ್ಟು ಉಡಿ ತುಂಬಿದರು. ಮುಖ ಹೋದ ಮೂರ್ತಿಯನ್ನು ನೋಡಲಾರದೆ ಜನ ಮಾಡೆಲ್ಲಿಗೇ ನಡೆದುಕೊಳ್ಳತೊಡಗಿದರು.

ಪಿಎಸ್‌ಐ ಅನೀಲಕುಮಾರ ಭವನಕ್ಕೆ ಬಂದಾಗ ಶಂಕ್ರೆವ್ವ ಬಾಗಿಲಲ್ಲೇ ತಡೆದಳು.

"ಬೂಟ್ ಕಳದ ಬರ್ರಿ ಸಾಹೇಬ್ರ. ಒಳಗ ತಾಯಿ ಅದಾಳ."

ಅವರು ಬೂಟು ಕಳಚಿ ಬಂದರು. ಮಡುವನ್ನೇ ಬಹಳ ಹೊತ್ತು ನೋಡಿದರು. ಶ್ರೀಶೈಲ ದೀಪದ ಬತ್ತಿ ಸರಿಪಡಿಸುವ ನೆಪ ಮಾಡಿದ.

"ಏನ್ ಆಳ ತೋರಿಸೀರಿ ಮಾರಾಯ್ರ! ಇದು ಖರೇನ ಗಟ್ಟಿ ಐತೇನ?"

"ಹೌದ್ರಿ ಸರ್. ಕಲ್ಲಿನಂಗ ಗಟ್ಟಿ."

ಅನೀಲಕುಮಾರ ಕೈ ಮುಗಿದು, ಹಣೆಗೆ ಕುಂಕುಮ ಹಚ್ಚಿಕೊಂಡು ಹೋದರು. ಶ್ರೀಶೈಲ ನಗು ತಡೆಯಲಾಗದೆ ಹೊರಗೆ ಹೋಗಿ ಕೆಮ್ಮಿದ.

ಉಳಿದದ್ದು ಸಲೀಸು. ಹೊಸದರಲ್ಲಿ ಗುಳ್ಳೆ ಏಳುತ್ತವೆ, ಒಂದು ಸಲ ಒಯ್ದು ಪಾಲಿಶ್ ಮಾಡಿ ತರುತ್ತೇನೆ ಎಂದು ಚನ್ನಬಸಯ್ಯನಿಗೆ ಹೇಳಿಟ್ಟಿದ್ದ. ಪೊಲೀಸರ ಓಡಾಟ ತಣ್ಣಗಾಗುವವರೆಗೆ ಬಾಗೇವಾಡಿಯ ಮನೆಯಲ್ಲಿ ಚಡಪಡಿಸುತ್ತ ಕಳೆದ. ಬಾಗಿಲು ಬಡಿದ ಸದ್ದಿಗೆಲ್ಲ ಬೆಚ್ಚುತ್ತಿದ್ದ. ಕೊನೆಗೆ ಅಮಾವಾಸ್ಯೆ ಕಳೆದ ಮರುದಿನ ಟಂಟಂ ಮಾಡಿಕೊಂಡು ಬೆಳಗ್ಗೆಯೇ ಹೊಳಿಮಟ್ಟಿಗೆ ಹೊರಟ. ದಾರಿಯುದ್ದಕ್ಕೂ, ಅವ್ವನ ಕೈಗೆ ಮುಖ ಕೊಟ್ಟರೆ ಅವಳು ಏನಂದಾಳು ಎಂದು ಯೋಚಿಸುತ್ತಿದ್ದ.

ಭವನದ ಮೇಜು ಖಾಲಿಯಿತ್ತು. ಶಂಕ್ರೆವ್ವ ಅದರ ಮೇಲಿನ ಅರಿಷಿಣ ಒರೆಸುತ್ತಿದ್ದಳು. "ಎಲ್ಲಿ ಆಯಿ? ಎಲ್ಲಿಟ್ರಿ?" ಅಂದವನ ದನಿ ಅವನಿಗೇ ಗುರುತಾಗಲಿಲ್ಲ. "ನಿನ್ನಿ ಅಮಾಸಿ ಇತ್ತಲ್ಲೋ ತಮ್ಮಾ. ಬಾಜಿ ಬಜಂತ್ರಿ ಹಚ್ಚಿ, ದೋಣ್ಯಾಗ ಇಟ್ಕೊಂಡು, ನಮ್ಮ ಹಳೇ ಊರು ಮುಳಗಿದಲ್ಲೇ ನಡು ಹೊಳ್ಯಾಗ ಬಿಟ್ಟು ಬಂದ್ವಿ. ಉಡಿ ತುಂಬಿ ಪೂಜಿ ಮಾಡಿದ್ದನ್ನ ಹಂಗ ಇಟ್ಕೊಳ್ಳಾಕ ಬರ್ತೈತೇನ? ಮಣ್ಣೆತ್ತು ಬಿಡತೇವಿ, ಗುಳ್ಳವ್ವನ್ನ ಬಿಡತೇವಿ, ಗಣಪತಿ ಬಿಡತೇವಿ. ಇದನ್ನೂ ನೀರಿಗೆ ಬಿಡಬೇಕು ಮತ್ತ. ನಿನಗ ಗೊತ್ತಿಲ್ಲೇನು?" ಗೊತ್ತಿತ್ತು. ಸಣ್ಣವನಿದ್ದಾಗ ಮಣ್ಣಿನ ಗುಳ್ಳವ್ವನನ್ನು ತಲೆಯ ಮೇಲೆ ಹೊತ್ತು ಹಳ್ಳಕ್ಕೆ ಒಯ್ದವನೇ ಅವನು. ರೆಜಿನ್ನಿಗೂ ಅದೇ ಪದ್ಧತಿ ಹತ್ತುತ್ತದೆ ಎಂದು ಮಾತ್ರ ಹೊಳೆದಿರಲಿಲ್ಲ. "ತೇಲಿತೇನ ಆಯಿ?" ಎಂದು ಕೇಳಿದ. "ಎಲ್ಲೀ ತೇಲೋದು, ಗಪ್ಪನ ತಳಕ್ಕ ಹೋತು ನೋಡು" ಅಂದಳು ಮುದುಕಿ. ಶ್ರೀಶೈಲ ಕಿಟಕಿಯಾಚೆ ದಿಗಂತದ ತನಕ ಬಿದ್ದುಕೊಂಡಿದ್ದ ಹಿನ್ನೀರಿನ ಕಡೆ ತಿರುಗಿ, ಕಂಬ ಹಿಡಿದು, ಸಣ್ಣ ಕೂಸಿನಂತೆ ಅಳತೊಡಗಿದ. ಶಂಕ್ರೆವ್ವ ಬಂದು ಅವನ ಬೆನ್ನು ಸವರಿದಳು. "ಅಳಬ್ಯಾಡೋ ಯಪ್ಪಾ. ತಾಯಿನ್ನ ನೀರಿಗೆ ಬಿಟ್ಟ ಮ್ಯಾಲ ಹಂಗ ಹೊಳ್ಳಿ ನೋಡಬಾರ್ದು."