ಹನ್ನೊಂದು ವರ್ಷದ ಚೀಟಿಗಳು

ಸೋಮವಾರ ಬೆಳಿಗ್ಗೆ ಗುಮಾಸ್ತೆ ಎಫಿ ಲಾರಿಮರ್ ಕಪಾಟು ತೆರೆದಳು. ಖಾಲಿ. ಹನ್ನೊಂದು ವರ್ಷ ಕೂಡಿಟ್ಟ ಚೀಟಿಗಳಲ್ಲಿ ಒಂದೂ ಇರಲಿಲ್ಲ.

ಎಡಿನ್‌ಬರೋದ ಆ ನಿಘಂಟು ಕಚೇರಿಗೆ ಪೊಲೀಸ್ ಸಾರ್ಜೆಂಟ್ ರೆನಿ ಬಂದಾಗ ಅವಳು ಅಳುತ್ತಿರಲಿಲ್ಲ, ಕುದಿಯುತ್ತಿದ್ದಳು. ಚೀಟಿಗಳಲ್ಲಿದ್ದದ್ದು ಗ್ರೀಕಿನಿಂದ ಇಂಗ್ಲಿಷಿಗೆ ಬಂದು ‘ಲಜಿ’ ಎಂದು ಮುಗಿಯುವ ಪದಗಳು: ಬಯಾಲಜಿ, ಜಿಯಾಲಜಿ, ಸೈಕಾಲಜಿ. ಪದಕ್ಕೊಂದು ಚೀಟಿ, ಮೊದಲ ಅಕ್ಷರಕ್ಕೊಂದು ಕಟ್ಟು, ಕಟ್ಟಿಗೊಂದು ಹಿತ್ತಾಳೆ ಕ್ಲಿಪ್ಪು. ಬರುವ ತಿಂಗಳು ಅವಳ ಹೆಸರಿನಲ್ಲಿ ಪುಸ್ತಕವಾಗಬೇಕಿತ್ತು.

ಪ್ರಧಾನ ಸಂಪಾದಕ ಪ್ರೊಫೆಸರ್ ಹ್ಯಾಲಿಡೇ ಒಲೆಯ ಬೂದಿ ತೋರಿಸಿದ. “ಕಸ ಗುಡಿಸೋ ಜೀನಿ ಕೆಲಸ ಇದು. ರದ್ದಿ ಅಂತ ಸುಟ್ಟಿದಾಳೆ. ಎಳ್ಕೊಂಡ್ ಹೋಗಿ ಅವಳನ್ನ.”

ಬಡವರ ತಲೆಮೇಲೆ ಗೂಬೆ ಕೂರಿಸುವುದು ಎಷ್ಟು ಸಲೀಸು! ರೆನಿಗೆ ಮೈ ಉರಿಯಿತು. ಅವನ ತಾಯಿಯೂ ಇಂಥ ಕಚೇರಿಗಳ ನೆಲ ಒರೆಸಿದವಳೇ. ಅಂಗಿಯ ತೋಳು ಮಡಿಸಿ ಬೂದಿ ಜಾಲಾಡಿದ. ಒಂದು ಕ್ಲಿಪ್ಪೂ ಸಿಗಲಿಲ್ಲ. ಹಿತ್ತಾಳೆ ಬೂದಿಯಾಗುತ್ತದೆಯೇ? ಅರೆಸುಟ್ಟ ಚೂರುಗಳನ್ನು ನೋಡಿದರೆ, ಸುಟ್ಟದ್ದು ಹಳೆಯ ಪತ್ರಿಕೆ.

ಏನೂ ಉಳಿಯಲಿಲ್ಲವೇ ಎಂದು ಎಫಿಯನ್ನು ಕೇಳಿದ.

“‘ಎಂ’ ಅಕ್ಷರದ ಕಟ್ಟೊಂದು ಮನೇಲಿದೆ ಸಾರ್ಜೆಂಟರೇ. ತಿದ್ದೋಕೆ ತಗೊಂಡ್ ಹೋಗಿದ್ದೆ.”

*

ಗುರುವಾರ ಹ್ಯಾಲಿಡೇ ಪ್ರಕಾಶಕರ ಬಳಿ ಹೋದ. ಎಫಿಯ ಕೆಲಸ ಹಾಳಾಯಿತು, ಪಾಪ. ಆದರೆ ತಾನೂ ಅದೇ ಪದಗಳನ್ನು ವರ್ಷಗಳಿಂದ ಬರೆದಿಟ್ಟಿದ್ದೇನೆ ಎಂದ. ಅವನು ಕೊಟ್ಟ ಹಸ್ತಪ್ರತಿಯನ್ನು ರೆನಿ ಪ್ರಕಾಶಕರಿಂದ ತರಿಸಿಕೊಂಡು ಇಡೀ ದಿನ ಕೂತು ಓದಿದ. ಮರುದಿನ ಎಲ್ಲರನ್ನೂ ಕರೆಸಿದ.

“ಪ್ರೊಫೆಸರೇ, ತಾವು ಪಾಠ ಮಾಡೋದು ಏನು?”

“ಗ್ರೀಕ್ ಪುರಾಣ. ಮೂವತ್ತು ವರ್ಷದಿಂದ.”

“ಅಂದ್ರೆ ಮೈಥಾಲಜಿ. ಅದೇ ನಿಮ್ಮ ಪಟ್ಟೀಲಿ ಇಲ್ವಲ್ಲ. ‘ಎಂ’ನಿಂದ ಶುರುವಾಗೋ ಒಂದು ಪದಾನೂ ಇಲ್ಲ.”

ಹ್ಯಾಲಿಡೇ ಮುಖ ಬಿಳಿಚಿತು. ಕಪಾಟಿನಲ್ಲಿಲ್ಲದ್ದು ನಕಲಿನಲ್ಲಿ ಎಲ್ಲಿಂದ ಬರಬೇಕು? ಕದ್ದದ್ದನ್ನು ಕುರುಡನಂತೆ ಇಳಿಸಿಕೊಂಡಿದ್ದ ಪಂಡಿತ. ತನ್ನ ಅನ್ನದ ಪದವೇ ಬಿಟ್ಟುಹೋಗಿದ್ದು ಅವನ ಕಣ್ಣಿಗೆ ಬಿದ್ದಿರಲಿಲ್ಲ. ಮಧ್ಯಾಹ್ನದೊಳಗೆ ಅವನ ಮನೆಯ ಪೆಟ್ಟಿಗೆಯಲ್ಲಿ ಚೀಟಿಗಳು ಕ್ಲಿಪ್ಪುಗಳ ಸಮೇತ ಸಿಕ್ಕವು.

ನಾಚಿಕೆಗೆಟ್ಟವನು ಆಗಲೂ ಸುಮ್ಮನಾಗಲಿಲ್ಲ. “ಗುಮಾಸ್ತೆ ಹೆಸರಿನ ಪುಸ್ತಕ ಯಾರು ಓದ್ತಾರೆ? ಇಬ್ಬರ ಹೆಸರೂ ಹಾಕಿ,” ಎಂದ.

ಪ್ರಕಾಶಕ ಎಫಿಯ ಕಡೆ ನೋಡಿದ.

“ಹಾಕಿ ಸರ್,” ಎಂದಳು ಎಫಿ. “ನನ್ನ ಹೆಸರು ಮುಖಪುಟದಲ್ಲಿ. ಇವರದು ಮುನ್ನುಡೀಲಿ, ಕದ್ದವರು ಅಂತ.”

ಪ್ರಕಾಶಕ ಪೆನ್ನು ತೆಗೆದು ಬರೆದುಕೊಂಡ.