ಅಳಿಸಿದಷ್ಟೂ ಬರುವ ಹೆಸರು

"ಥೂ! ನೀವೂ ಒಬ್ಬ ಮನುಷ್ಯರಾ?"

ಗೌರಿಬಿದನೂರು ಆಫೀಸಿನ ಬಾಗಿಲಲ್ಲೇ ನಿಂತು ಶ್ಯಾಮಲ ಕಿರುಚಿದಳು. ಎರಡು ವರ್ಷದಿಂದ ಅವಳು ಫೋನಿನಲ್ಲಷ್ಟೇ ದನಿ ಕೇಳಿದ್ದ, ಇಲ್ಲಿನ ಕಂಪ್ಯೂಟರ್ ನೋಡಿಕೊಳ್ಳುವ ಆವಲಪ್ಪ ಇವತ್ತೇ ಮೊದಲು ಎದುರಿಗೆ ಸಿಕ್ಕಿದ್ದ. ಮೇಜಿನ ಮೇಲೆ ನೊಣ ಕೂತ ಅರ್ಧ ಲೋಟ ಟೀ. ಇವರ ದನಿ ನನಗೆ ಇಷ್ಟವಾಗಿತ್ತಲ್ಲ ಅಂತ ನೆನೆದರೇ ಅವಳಿಗೆ ಅಸಹ್ಯವಾಗುತ್ತಿತ್ತು!

ಅಲ್ಲ, ಅವಳ ಸಿಟ್ಟಿಗೆ ಕಾರಣ ಇರಲಿಲ್ವಾ ಹೇಳಿ? ಅದು ತೊಂಬತ್ತಾರನೇ ಇಸವಿ. ರೈತರಿಗೆ ರೇಷ್ಮೆಹುಳುವಿನ ಮೊಟ್ಟೆ ಮಾರುವ ಅವರ ಕಂಪನಿಗೆ ಶಿಡ್ಲಘಟ್ಟ, ಗೌರಿಬಿದನೂರು, ಚಿಂತಾಮಣಿ, ಚಿಕ್ಕಬಳ್ಳಾಪುರ ನಾಲ್ಕೂ ಕಡೆ ಒಂದೊಂದು ಕಂಪ್ಯೂಟರ್. ನಾಲ್ಕರಲ್ಲೂ ಒಂದೇ ಪಟ್ಟಿ. ನಂಬರ್ ಒತ್ತಿದರೆ ರೈತನ ಹೆಸರು, ವಿಳಾಸ ಬರುತ್ತೆ. ಪ್ರತಿ ಸೋಮವಾರ ಫೋನ್ ಲೈನಿನಲ್ಲಿ ನಾಲ್ಕು ಪಟ್ಟಿಗಳನ್ನೂ ತಾಳೆ ಹಾಕುತ್ತಿದ್ದರು; ಅವತ್ತು ಶ್ಯಾಮಲಳಿಗೆ ಫೋನಿನಲ್ಲಿ ಸಿಗುತ್ತಿದ್ದವನು ಆವಲಪ್ಪ.

ನಾನೂರ ಹನ್ನೆರಡನೇ ನಂಬರು ಅವಳ ಅಪ್ಪ ವೆಂಕಟರಾಮಪ್ಪನದು. ತೀರಿಕೊಂಡು ಐದು ತಿಂಗಳಾಗಿತ್ತು. ಶಿಡ್ಲಘಟ್ಟದ ತನ್ನ ಆಫೀಸಿನಲ್ಲಿ ಕೂತು ಶ್ಯಾಮಲ ಅದನ್ನು ಅಳಿಸುತ್ತಾಳೆ... ಮಂಗಳವಾರ ಮತ್ತೆ ಬಂದು ಕೂತಿರುತ್ತೆ! 'ಮೊಟ್ಟೆ ತಗೊಂಡು ಹೋಗಿ' ಅಂತ ಸತ್ತವರ ಹೆಸರಿಗೆ ಕಂಪನಿಯಿಂದ ಮನೆಗೆ ಕಾರ್ಡು ಬರುತ್ತೆ. ಅದನ್ನು ಎದೆಗೊತ್ತಿಕೊಂಡು ಅಮ್ಮ ಅವತ್ತು ಊಟ ಬಿಡುತ್ತಾಳೆ.

"ನನ್ನ ಹತ್ರ ಮಾತಾಡೋಕೆ ನೆಪ ಬೇಕು ಅಂತ ನಮ್ಮಪ್ಪನ್ನ ವಾಪಸ್ ಹಾಕ್ತೀರಾ? ಅಸಹ್ಯ!"

ಆವಲಪ್ಪನ ಮುಖ ಬಿಳುಚಿಕೊಂಡಿತು.

"ದೇವ್ರಾಣೆ ಇಲ್ಲ ಕಣ್ರೀ! ನೀವು ಫೋನಲ್ಲಿ ಹೇಳಿದಾಗೆಲ್ಲಾ ನಾನೂ ಅಳಿಸ್ದೆ. ನಿನ್ನೆ ಕೂತು ನೋಡ್ದಾಗ ಗೊತ್ತಾಯ್ತು. ಚಿಂತಾಮಣಿ ಮಿಷಿನ್ನಲ್ಲಿ ಹೆಸರು ಹಂಗೇ ಐತೆ. ತಾಳೆ ಹಾಕ್ದಾಗ ನಮ್ಮಲ್ಲಿ ಕಾಣ್ದಿದ್ರೆ, ಕಳೆದೋಗೈತೆ ಅನ್ಕೊಂಡು ಅದು ತಿರುಗಾ ತುಂಬಿಬಿಡ್ತದೆ."

"ಮತ್ತೇನ್ಮಾಡೋದು?"

"ಅಳಿಸಬಾರ್ದು. ಹೆಸರಿನ ಮುಂದೆ 'ತೀರಿಕೊಂಡರು' ಅಂತ ಬರೀಬೇಕು. ಹೊಸದಾಗಿ ಬರೆದಿದ್ದು ನಾಲ್ಕೂ ಊರಿಗೆ ಹೋಗ್ತದೆ. ಕಾರ್ಡು ನಿಲ್ತದೆ."

ಆ ಒಂದು ಮಾತು ಬರೆಯೋಕಾಗದೆ ತಾನೇ ಶ್ಯಾಮಲ ಅಳಿಸುತ್ತಿದ್ದುದು!

'ಛೀ... ನನ್ನ ಹೇಡಿತನಕ್ಕೆ ಇವರ ಮುಖಕ್ಕೆ ಉಗಿದೆನಲ್ಲ!' ಈಗ ಅವಳಿಗೆ ತನ್ನ ಮೇಲೆಯೇ ಅಸಹ್ಯವಾಯಿತು.

"ನಾನು ಬರೀಲಾ?" ಅವನು ಮೆಲ್ಲಗೆ ಕೇಳಿದ.

"ಬೇಡ. ಮಗಳು ನಾನು."

ಕಂಪ್ಯೂಟರ್ ಮುಂದೆ ಕುರ್ಚಿ ಎಳೆದು ಕೂತಳು. ಒಂದೊಂದೇ ಅಕ್ಷರ ಒತ್ತಿ ಮುಗಿಸಿ, ಬಿಕ್ಕಿ ಬಿಕ್ಕಿ ಅತ್ತಳು. ಅವನು ಪಕ್ಕದಲ್ಲೇ ನಿಂತಿದ್ದ.

"ಬಾಯಿಗೆ ಬಂದಂಗೆ ಅಂದುಬಿಟ್ಟೆ... ಕ್ಷಮಿಸಿ."

"ಒಂದು ನಿಜ ಹೇಳ್ಲಾ? ನೆಪ ಮಾಡ್ಲಿಲ್ಲ. ಆದ್ರೆ ಸೋಮವಾರ ಯಾವಾಗ ಬರ್ತದೋ ಅಂತ ವಾರಪೂರ್ತಿ ಕಾಯ್ತಿದ್ದೆ."

ಅವಳು ಮುಖ ಒರೆಸಿಕೊಂಡಳು. ತಾನೂ ಕಾಯುತ್ತಿದ್ದೆ ಅನ್ನೋದನ್ನು ಬಿಟ್ಟು ಬೇರೆ ಮಾತು ತೆಗೆದಳು.

"ಇನ್ಮೇಲೆ ಅಪ್ಪನ ಕಾರ್ಡು ಬರಲ್ಲ ಅಂತ ಅಮ್ಮಂಗೆ ಹೇಳ್ಬೇಕು. ಒಬ್ಳೇ ಹೇಳೋಕೆ ಭಯ... ಜೊತೆಗೆ ಬರ್ತೀರಾ?"

"ಬರ್ತೀನಿ. ಆದ್ರೆ ನಾನು ಯಾರು ಅಂತ ಹೇಳ್ತೀರಾ ಅಮ್ಮಂಗೆ?"

"ಅದನ್ನ ಬಸ್ಸಲ್ಲಿ ಯೋಚ್ನೆ ಮಾಡಣ... ಎದ್ದು ನಡೀರಿ ಮೊದ್ಲು!"