ಮೌನಪ್ಪನ ಎತ್ತುಗಳು

ಮೌನಪ್ಪ ಸತ್ತ ಮೇಲೆ ದೊಡ್ಡ ಕಲಾವಿದನಾದ. ಕಲ್ಲೇಶನಿಗೆ ಅದು ನುಂಗಲಾಗದ ಮಾತು. ಹಳೆಯ ಎಕ್ಸ್‌ರೇ ಹಾಳೆಯಲ್ಲಿ ಎತ್ತಿನ ಆಕಾರ ಕತ್ತರಿಸಿ ಸ್ಟೆನ್ಸಿಲ್ ಮಾಡುತ್ತಿದ್ದವನು ಕಲ್ಲೇಶ. ಅದನ್ನು ರದ್ದಿ ಕಾಗದದ ಮೇಲಿಟ್ಟು, ಸ್ಪಂಜಿನಿಂದ ಬಣ್ಣ ಒತ್ತಿ, ಕೆಳಗೆ ಹೆಸರು ಗೀಚುತ್ತಿದ್ದವನು ಮೌನಪ್ಪ. ತೆಲಂಗಾಣ ರಾಜ್ಯವಾದ ಮರುವರ್ಷ ಎದೆನೋವು ಬಂದು ಹೋದ. ಈಗ ಹೈದರಾಬಾದಿನ ಬಂಜಾರಾ ಹಿಲ್ಸಿನ ಸಿರಿವಂತ ಮಂದಿ ಆ ರದ್ದಿಗೆ ಗಾಜು ಹಾಕಿಸಿ, ಮುಂದೆ ನಿಂತು ನಿಟ್ಟುಸಿರು ಬಿಡುತ್ತಾರೆ.

ಬಿಡಲಿ. ಸ್ಟೆನ್ಸಿಲ್‌ಗಳೆಲ್ಲ ಸನತ್‌ನಗರದಲ್ಲಿ ಕಲ್ಲೇಶನ ಖೋಲಿಯಲ್ಲೇ ಉಳಿದಿದ್ದವು. ಸತ್ತವನ ಹೆಸರಿನಲ್ಲಿ ಇನ್ನಷ್ಟು ಎತ್ತು ಹುಟ್ಟಿಸಿದರೆ ಕೇಳುವವರು ಯಾರು?

ಅವನು ಅವಸರ ಮಾಡಲಿಲ್ಲ. ಪತ್ರಿಕೆಗಳನ್ನು ಮುಟ್ಟಲೇ ಇಲ್ಲ. ಅವುಗಳ ನೆತ್ತಿಯ ಮೇಲೆ ತಾರೀಕು ಕೂತಿರುತ್ತದೆ, ಅದರಲ್ಲಿ ಸಿಕ್ಕಿಬೀಳುವವರು ದಡ್ಡರು. ರದ್ದಿ ಅಂಗಡಿಯಿಂದ ಹರಿದ ಶಾಲಾಪುಸ್ತಕ ತಂದ. ಹಾಳೆಗಳನ್ನು ಚಹಾದಲ್ಲಿ ಅದ್ದಿ, ಮಾಳಿಗೆಯ ಬಿಸಿಲಿಗೆ ಒಣಗಿಸಿ ಹಳದಿಯಾಗಿಸಿದ. ಸಹಿಯನ್ನಂತೂ ಮೌನಪ್ಪ ಬದುಕಿದ್ದಾಗಲೇ, ಅವನ ಕೈ ನಡುಗುವಾಗ, ಕಲ್ಲೇಶನೇ ಎಷ್ಟೋ ಸಲ ಹಾಕಿಕೊಟ್ಟಿದ್ದ.

ಕೊಳ್ಳಲು ಬಂದವಳು ಸುಮಂಗಲಾ. ಬೀದರ ಕಡೆಯ ಬಟ್ಟೆ ವ್ಯಾಪಾರಿಯ ಹೆಂಡತಿ, ಚಿತ್ರ ಕೂಡಿಸುವ ಹುಚ್ಚಿನವಳು. ಬಂದವಳೇ ಬಣ್ಣ ಸಿಡಿದ ಗೋಡೆಯನ್ನೂ ಹೊಗಳಿದಳು. ಇಂಥವರಿಗೆ ಕಸಬರಿಗೆಗೂ ಗಾಜು ಹಾಕಿ ಮಾರಬಹುದು ಅಂದುಕೊಂಡ ಕಲ್ಲೇಶ.

“ಎತ್ತಿನ ಕಣ್ಣಾಗ ಎಂಥಾ ದುಃಖ ಐತ್ರಿ.”

ಅದು ಬ್ಲೇಡು ಜಾರಿ ಆದ ಗೀರು. “ಹೌದ್ರಿ ಅಕ್ಕಾರ, ಅವರ ಜೀವನಾನ ಹಂಗಿತ್ತು.”

“ಅವರು ಮಾಡೂದು ನೀವು ನೋಡೀರೇನು?”

“ನೋಡೂದೇನ್ರಿ, ಕಾಗದ ಹಿಡಕೊಂಡಾಂವ ನಾನ. ಸಾಯೂ ಮುಂದ ಮಾಡಿದ್ದಿದು. ಬೇಕಂದ್ರ ಕೋರ್ಟಿನ್ಯಾಗ ಹೇಳ್ತೀನಿ.”

“ಅಷ್ಟ ದೂರ ಯಾಕ್ರಿ, ಇದರಾಗ ಹೇಳ್ರಿ. ಮನಿಗೆ ಬಂದವರಿಗೆ ತೋರಸ್ತೀನಿ,” ಎಂದು ಮೊಬೈಲು ಹಿಡಿದಳು. ಕಲ್ಲೇಶ ಕೂದಲು ಸರಿಮಾಡಿಕೊಂಡು, ದನಿ ತುಸು ಭಾರ ಮಾಡಿ, ಎಲ್ಲವನ್ನೂ ಮತ್ತೊಮ್ಮೆ ಹೇಳಿದ.

ಆಮೇಲೆ ಆಕೆ ಕನ್ನಡಕ ಏರಿಸಿ, ಎತ್ತಿನ ಕಾಲುಗಳ ನಡುವೆ ಬೆರಳಿಟ್ಟಳು. ಅಲ್ಲಿ, ಬಣ್ಣದ ಅಡಿಯಲ್ಲಿ, ಶಾಲಾಪುಸ್ತಕದಲ್ಲಿ ಅಚ್ಚಾಗಿದ್ದ ತೆಲಂಗಾಣದ ನಕಾಶೆಯಿತ್ತು. ಕಲ್ಲೇಶ ಅದನ್ನು ಬರೀ ಗೆರೆ ಎಂದು ಬಿಟ್ಟಿದ್ದ. “ನಮ್ಮ ಅಂಗಡಿ ಸಂಗಾರೆಡ್ಡಿಯಾಗ ಐತ್ರಿ. ಮೌನಪ್ಪನವರು ಇದ್ದಾಗ ಅದು ಮೇದಕ್ ಜಿಲ್ಲಾದಾಗಿತ್ತು. ಇದರಾಗ ನೋಡಿದ್ರ ಸಂಗಾರೆಡ್ಡೀನ ಬ್ಯಾರೆ ಒಂದು ಜಿಲ್ಲಾ ಆಗಿ ಕುಂತೈತಿ.” ಮೊಬೈಲನ್ನು ಆಕೆ ಇನ್ನೂ ಇಳಿಸಿರಲಿಲ್ಲ. ಮೌನಪ್ಪ ಸತ್ತಾಗ ರಾಜ್ಯಕ್ಕಿದ್ದದ್ದು ಹತ್ತೇ ಜಿಲ್ಲೆ. ಒಡೆದು ಹೆಚ್ಚಿಸಿದ್ದು ಆಮೇಲೆ. ಎತ್ತು ನಿಂತ ನೆಲದಲ್ಲಿ ಮೂವತ್ತಮೂರು ಇದ್ದವು.